ಮೂರು ತಂಬಾಕು, ಒಂದೇ ರುಚಿ: ಪೈಪಿನಲ್ಲಿ ಎಡವುವುದೆಲ್ಲಿ?

ಪ್ರಶ್ನೆ: ನನಗೆ 38 ವರ್ಷ, ಬೆಂಗಳೂರಿನಲ್ಲಿದ್ದೇನೆ. ಸಿಗರೇಟು ಬಿಟ್ಟು ಈಚೆಗೆ ಪೈಪ್ ಸೇದುತ್ತಿದ್ದೇನೆ. ಇರುವುದು ಒಂದೇ ಬ್ರೈಯರ್ (ಬೇರುಗಂಟಿನ ಮರದ) ಪೈಪ್, 9 ಮಿ.ಮೀ. ಫಿಲ್ಟರ್ ಹಾಕುವಂಥದ್ದು. ವೆನಿಲ್ಲಾ ಪರಿಮಳದ ಒಂದು ಪೌಚ್, ಒಂದು ಡಬ್ಬಿ ವರ್ಜೀನಿಯಾ ಫ್ಲೇಕ್, ಗೆಳೆಯ ಕೊಟ್ಟ ಸ್ವಲ್ಪ ಲಟಾಕಿಯಾ (ಹೊಗೆಯಲ್ಲಿ ಹದಗೊಳಿಸಿದ ಕಪ್ಪು ಎಲೆ) ಮಿಶ್ರಣ, ಇಷ್ಟನ್ನು ಸೇದಿ ನೋಡಿದ್ದೇನೆ. ಮುಚ್ಚಳ ತೆಗೆದಾಗ ಮೂರರ ಪರಿಮಳವೂ ಬೇರೆ ಬೇರೆ. ಸೇದಿದರೆ ಮೂರೂ ಒಂದೇ. ನಾಲಿಗೆ ಉರಿಯುತ್ತದೆ, ಪೈಪ್ ಪದೇ ಪದೇ ಆರುತ್ತದೆ, ತಳದಲ್ಲಿ ಗೊರಗೊರ ಸದ್ದು ಬೇರೆ. ಮುಂದಿನ ತಿಂಗಳು ಅಣ್ಣ ಇಂಗ್ಲೆಂಡಿನಿಂದ ಬರುತ್ತಿದ್ದಾರೆ. ಅವರಿಂದ ಏನು ತರಿಸಲಿ? ಬೇರೆ ಬೇರೆ ತಂಬಾಕಿನ ರುಚಿ ನೋಡುವುದು ಹೇಗೆ?

ಉತ್ತರ: ತಪ್ಪು ತಂಬಾಕಿನದಲ್ಲ. ನಿಮ್ಮ ತಂಬಾಕಿನಲ್ಲಿ ತೇವ ಹೆಚ್ಚಿದೆ, ಕೆಂಡ ಅತಿಯಾಗಿ ಕಾಯುತ್ತಿದೆ, ಮೂರು ಬಗೆಗೂ ಒಂದೇ ಪೈಪ್ ಬಳಸುತ್ತಿದ್ದೀರಿ. ನೀವು ಹೇಳಿದ ಮೂರು ತೊಂದರೆಗಳೂ ಒಂದರಿಂದ ಒಂದು ಹುಟ್ಟಿದವು. ಹಸಿ ತಂಬಾಕಿನಲ್ಲಿ ಕೆಂಡ ಬೇಗ ಆರುತ್ತದೆ. ಆರಬಾರದೆಂದು ನೀವು ಜೋರಾಗಿ ಎಳೆಯುತ್ತೀರಿ. ಎಳೆದಷ್ಟೂ ಕೆಂಡ ಕಾದು ನೀರಿನಂಶ ಹಬೆಯಾಗುತ್ತದೆ. ಅದರಲ್ಲಿ ಒಂದು ಪಾಲು ನಾಲಿಗೆಯನ್ನು ಬೇಯಿಸುತ್ತದೆ, ಇನ್ನೊಂದು ಪಾಲು ಶ್ಯಾಂಕಿನಲ್ಲಿ, ಅಂದರೆ ಬಟ್ಟಲಿಗೆ ಕೂಡಿದ ಮರದ ಕೊಳವೆಯಲ್ಲಿ, ತಣಿದು ಮತ್ತೆ ನೀರಾಗಿ ಗೊರಗುಟ್ಟುತ್ತದೆ. ಬೆಂದ ನಾಲಿಗೆಗೆ ಯಾವ ಎಲೆ ಕೊಟ್ಟರೂ ಒಂದೇ. ಅಣ್ಣ ತರುವ ಡಬ್ಬಿಗಳಿಗೂ ಇದೇ ಗತಿ ಆಗಬಾರದೆಂದರೆ, ಅವು ಬರುವ ಮೊದಲು ಕೈಯಲ್ಲಿರುವ ವರ್ಜೀನಿಯಾದಲ್ಲೇ ಹದ ಹಿಡಿಯಬೇಕು.

ಅದಕ್ಕೂ ಮೊದಲು ಹೇಳಬೇಕಾದ್ದೊಂದಿದೆ. ಸಿಗರೇಟು ಬಿಟ್ಟು ಪೈಪ್ ಹಿಡಿದವರಲ್ಲಿ ‘ಇದೇನೂ ಮಾಡುವುದಿಲ್ಲ’ ಎಂಬ ನಂಬಿಕೆ ಇರುತ್ತದೆ. ಅದು ಸುಳ್ಳು. ಹೊಗೆಯನ್ನು ಎದೆಗೆ ಎಳೆದುಕೊಳ್ಳದಿದ್ದರೂ ತುಟಿ, ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ಒಸಡು ಹಾಳಾಗುತ್ತದೆ, ನಿಕೋಟಿನ್ ಚಟವೂ ಹತ್ತುತ್ತದೆ. ಸಿಗರೇಟು ಸೇದಿ ರೂಢಿಯಾದವರು ಅರಿವಿಲ್ಲದೆಯೇ ಪೈಪಿನ ಹೊಗೆಯನ್ನೂ ಒಳಗೆಳೆಯುತ್ತಾರೆ. ಆಗ ಶ್ವಾಸಕೋಶ, ಹೃದಯಕ್ಕೆ ಸಿಗರೇಟಿನ ಅಪಾಯವೇ ಮುಂದುವರಿಯುತ್ತದೆ. ಎಲೆಅಡಿಕೆ, ಕಡ್ಡಿಪುಡಿಯ ಅಭ್ಯಾಸವೂ ಇದ್ದರೆ ಬಾಯಿಗೆ ಎರಡು ಕಡೆಯಿಂದ ಪೆಟ್ಟು. ಎರಡು ವಾರ ಕಳೆದರೂ ಮಾಯದ ಹುಣ್ಣು, ಅಳಿಸಿಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಪೈಪ್ ಕೆಳಗಿಟ್ಟು ವೈದ್ಯರಿಗೆ ತೋರಿಸಿ. ಮಕ್ಕಳಿರುವ ಕೋಣೆಯಲ್ಲಿ, ಮುಚ್ಚಿದ ಕಾರಿನಲ್ಲಿ ಸೇದಬೇಡಿ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧ ಪೈಪಿಗೂ ಅನ್ವಯಿಸುತ್ತದೆ. ಇಷ್ಟು ತಿಳಿದೂ ಸೇದುವುದಾದರೆ ಕಡಿಮೆ ಸೇದಿ, ಚೆನ್ನಾಗಿ ಸೇದಿ. ಮುಂದಿನದೆಲ್ಲ ಆ ಲೆಕ್ಕದಲ್ಲೇ ಇದೆ.

ತೇವದ ಹದ

ಪೈಪ್ ತಂಬಾಕಿನ ಡಬ್ಬಿಗಳು ಅಂಗಡಿಯಲ್ಲಿ ವರ್ಷಗಟ್ಟಲೆ ಕೂರಬೇಕಾದ್ದರಿಂದ ತಯಾರಕರು ಸೇದುವ ಹದಕ್ಕಿಂತ ಹಸಿಯಾಗಿಯೇ ತುಂಬುತ್ತಾರೆ. ಶೇಕಡ 18ರಿಂದ 20ರಷ್ಟು ತೇವ ಸಾಮಾನ್ಯ. ಸೇದಲು ಬೇಕಾದ್ದು 12ರಿಂದ 14. ಈ ಅಂತರ ಸಣ್ಣದೆನಿಸಿದರೂ ನಿಮ್ಮ ತೊಂದರೆಯ ಮುಕ್ಕಾಲು ಪಾಲು ಇದರಲ್ಲೇ ಇದೆ.

0.1 ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಇದ್ದರೆ ಹದ ಹಿಡಿಯುವುದು ಸುಲಭ. ಡಬ್ಬಿಯಿಂದ 10 ಗ್ರಾಂ ತೆಗೆದು ಬಿಳಿ ಕಾಗದದ ಮೇಲೆ ತೆಳ್ಳಗೆ ಹರಡಿ. ಶೇಕಡ 20 ತೇವ ಇದ್ದರೆ ಅದರಲ್ಲಿ 8 ಗ್ರಾಂ ಒಣ ಎಲೆ, 2 ಗ್ರಾಂ ನೀರು. ಅದು ಶೇಕಡ 13ಕ್ಕೆ ಇಳಿಯಬೇಕಾದರೆ ಒಟ್ಟು ತೂಕ 9.2 ಗ್ರಾಂ ಆಗಬೇಕು. ಅಂದರೆ 0.8 ಗ್ರಾಂ ನೀರು ಹೋದರೆ ಸಾಕು. ಡಬ್ಬಿಯ ತೇವ ಖಚಿತವಾಗಿ ಗೊತ್ತಿಲ್ಲದಿದ್ದರೂ ತೂಕ 9.2ರ ಹತ್ತಿರ ಬಂದಾಗ ಬೆರಳಿನಿಂದ ಪರೀಕ್ಷಿಸಲು ಶುರುಮಾಡಿ. ಒಂದು ಚಿಟಿಕೆ ತೆಗೆದು ಒತ್ತಿ ಬಿಡಿ. ಉಂಡೆಯಾಗಿಯೇ ಉಳಿದರೆ ಹಸಿ. ಪುಡಿಯಾದರೆ ಅತಿಯಾಗಿ ಒಣಗಿದೆ. ಒತ್ತಿದ್ದು ನಿಧಾನವಾಗಿ ಬಿಚ್ಚಿಕೊಂಡು, ಬೆರಳಿಗೆ ತಣ್ಣನೆಯ ತೇವ ತಾಕದಿದ್ದರೆ ಅದೇ ಹದ.

ಎಷ್ಟು ಹೊತ್ತು ಒಣಗಿಸಬೇಕೆಂಬುದು ಊರಿನ ಗಾಳಿಗೆ ಬಿಟ್ಟದ್ದು. ಮಾರ್ಚ್ ತಿಂಗಳ ಬೆಂಗಳೂರಿನ ಮಧ್ಯಾಹ್ನದಲ್ಲಿ ಎಳೆಎಳೆಯಾಗಿ ಕತ್ತರಿಸಿದ ತಂಬಾಕು ಇಪ್ಪತ್ತು ನಿಮಿಷದಲ್ಲೇ ಹದಕ್ಕೆ ಬರಬಹುದು. ಅದೇ ತಂಬಾಕನ್ನು ಆಷಾಢದಲ್ಲಿ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಹರಡಿಟ್ಟರೆ ಒಣಗುವ ಮಾತಿರಲಿ, ಇನ್ನಷ್ಟು ತೇವ ಹೀರುತ್ತದೆ. ಅಲ್ಲಿ ಎ.ಸಿ. ಇರುವ ಕೋಣೆ, ಇಲ್ಲವೇ ಒಂದಡಿ ಎತ್ತರದಲ್ಲಿ ಹಳೆಯ ಕಾಲದ ಫಿಲಮೆಂಟ್ ಬಲ್ಬಿನ ಟೇಬಲ್ ಲ್ಯಾಂಪ್ ಬೇಕು. ಬಿಸಿಲಿಗೆ ಇಡಬೇಡಿ, ಮೈಕ್ರೋವೇವಿಗೆ ಹಾಕಬೇಡಿ. ನೀರಿಗಿಂತ ಮೊದಲು ಪರಿಮಳ ಹೋಗಿಬಿಡುತ್ತದೆ. ಫ್ಲೇಕ್ ಎಂದರೆ ಎಲೆಗಳನ್ನು ಒತ್ತಿ ಇಟ್ಟಿಗೆ ಮಾಡಿ, ಆಮೇಲೆ ಪಟ್ಟಿಗಳಾಗಿ ಕೊಯ್ದದ್ದು. ಅದನ್ನು ಬಿಡಿಸಿಯೇ ಒಣಗಿಸಬೇಕು, ಇಲ್ಲದಿದ್ದರೆ ಹೊರಮೈ ಗರಿಗರಿ, ಒಳಗೆ ಹಸಿ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಗಾವಿತ್ ಹೆಸರಿನ ಫ್ಲೇಕ್‌ಗಳು ಎಷ್ಟು ಹಸಿಯೆಂದರೆ ಗಂಟೆಗಟ್ಟಲೆ ಹರಡಿಟ್ಟರೂ ಅತಿಯಾಗಿ ಒಣಗುವ ಭಯವಿಲ್ಲ.

ನಿಮ್ಮ ವೆನಿಲ್ಲಾ ಪೌಚ್ ಮಾತ್ರ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಪರಿಮಳದ ತಂಬಾಕಿಗೆ ಸಾಮಾನ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿರುತ್ತಾರೆ. ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೆರಳಿಗೆ ಸದಾ ಜಿಗುಟು. ದಿನವಿಡೀ ಹರಡಿದರೂ ‘ಒಣಗಿತು’ ಅನಿಸುವುದಿಲ್ಲ. ಒಂದೆರಡು ಗಂಟೆ ಬಿಟ್ಟು ಸೇದಿ. ಆಗಲೂ ಗೊರಗುಟ್ಟಿದರೆ ಆ ತಂಬಾಕಿನ ಗುಣವೇ ಅಷ್ಟು.

ತುಂಬುವುದು, ಹಚ್ಚುವುದು

ಸಾಧಾರಣ ಪೈಪಿನ ಬಟ್ಟಲು ಒಳಗೆ 19–20 ಮಿ.ಮೀ. ಅಗಲ, 35–40 ಮಿ.ಮೀ. ಆಳ ಇರುತ್ತದೆ. ಒಂದೂವರೆಯಿಂದ ಎರಡೂವರೆ ಗ್ರಾಂ ಹಿಡಿಯುತ್ತದೆ. ಹಳಬರ ಪಾಠ ಇಂದಿಗೂ ಸರಿ: ಮೊದಲ ಪದರವನ್ನು ಮಗುವಿನ ಕೈಯಿಂದ, ಎರಡನೆಯದನ್ನು ಹೆಂಗಸಿನ ಕೈಯಿಂದ, ಮೂರನೆಯದನ್ನು ಗಂಡಸಿನ ಕೈಯಿಂದ ಒತ್ತು. ಮೊದಲ ಸಲ ಬಟ್ಟಲಿನ ತುದಿಯವರೆಗೆ ಒತ್ತದೆ ಉದುರಿಸಿ ತುಂಬಿ, ಅದು ಅರ್ಧಕ್ಕೆ ಇಳಿಯುವಷ್ಟು ಹಗುರವಾಗಿ ಒತ್ತಿ. ಮತ್ತೆ ತುಂಬಿ ಮುಕ್ಕಾಲಿಗೆ ಇಳಿಸಿ. ಮೂರನೆಯ ಸಲ ತುಂಬಿ ತುದಿಯಿಂದ 3–4 ಮಿ.ಮೀ. ಕೆಳಗೆ ನಿಲ್ಲಿಸಿ. ಬೆರಳಿನಿಂದ ಒತ್ತಿದರೆ ಮೇಲ್ಮೈ ಸ್ಪ್ರಿಂಗಿನಂತೆ ಹಿಂದಿರುಗಬೇಕು. ಹಚ್ಚುವ ಮೊದಲು ಒಂದು ಸಲ ಎಳೆದು ನೋಡಿ. ಖಾಲಿ ಪೈಪಿಗಿಂತ ಸ್ವಲ್ಪ ತಡೆ ಇರಬೇಕು, ಕೆನ್ನೆ ಗುಳಿ ಬೀಳುವಷ್ಟಲ್ಲ. ಬಿಗಿಯಾಗಿದ್ದರೆ ಕಡ್ಡಿಯಿಂದ ಕೆದಕಿ ಸರಿಮಾಡಲು ಹೋಗಬೇಡಿ. ಸುರಿದು ಮತ್ತೆ ತುಂಬಿ. ಕೆಳಗಿನ ಪದರ ಗಟ್ಟಿಯಾಗಿದ್ದರೆ ಮೇಲಿನಿಂದ ಏನು ಮಾಡಿದರೂ ಸಡಿಲವಾಗದು.

ಫ್ಲೇಕನ್ನು ಎರಡು ರೀತಿ ತುಂಬಬಹುದು. ಅಂಗೈಯಲ್ಲಿ ಉಜ್ಜಿ ಎಳೆ ಬಿಡಿಸಿದರೆ ಸುಲಭವಾಗಿ ಹತ್ತಿಕೊಳ್ಳುತ್ತದೆ, ಸ್ವಲ್ಪ ಬೇಗ ಉರಿಯುತ್ತದೆ. ಪಟ್ಟಿಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮಡಚಿ ತುರುಕಿ, ಮೇಲೆ ಚಿಟಿಕೆ ಪುಡಿ ಉದುರಿಸಿದರೆ ನಿಧಾನವಾಗಿ ತಂಪಾಗಿ ಉರಿಯುತ್ತದೆ, ಆದರೆ ಆರುವ ಸಂಭವ ಹೆಚ್ಚು. ಕೈ ಪಳಗುವವರೆಗೆ ಉಜ್ಜಿಯೇ ತುಂಬಿ. ಉರಿಯುವಾಗ ಎಲೆ ಉಬ್ಬುತ್ತದೆ. ಮಡಚಿ ತುಂಬಿದಾಗ ಅದಕ್ಕೆ ಜಾಗ ಬಿಡದಿರುವುದೇ ಹೊಸಬರ ತಪ್ಪು.

ಕಡ್ಡಿ ಗೀರಿದರೆ ತಲೆಯ ಮದ್ದು ಪೂರ್ತಿ ಉರಿದುಹೋಗಲಿ, ಆಮೇಲೆ ಹತ್ತಿರ ತನ್ನಿ. ಮೇಣದ ಕಡ್ಡಿ, ಪೆಟ್ರೋಲ್ ಲೈಟರು ಎರಡೂ ರುಚಿ ಕೆಡಿಸುತ್ತವೆ. ಬ್ಯುಟೇನ್ ಲೈಟರ್ ಆಗಬಹುದು, ಜೆಟ್ ಜ್ವಾಲೆಯದು ಬೇಡ, ಬಟ್ಟಲಿನ ಅಂಚು ಸುಡುತ್ತದೆ. ಜ್ವಾಲೆಯನ್ನು ವೃತ್ತಾಕಾರವಾಗಿ ಆಡಿಸುತ್ತ ಮೇಲ್ಮೈಯೆಲ್ಲ ಕಪ್ಪಾಗುವಂತೆ ಮೂರು ನಾಲ್ಕು ಸಲ ಎಳೆಯಿರಿ. ತಂಬಾಕು ಎದ್ದು ನಿಲ್ಲುತ್ತದೆ, ಆಮೇಲೆ ಆರುತ್ತದೆ. ಆರಲಿ. ಇದು ಸುಳ್ಳು ಹಚ್ಚುವಿಕೆ. ಟ್ಯಾಂಪರಿನ (ತಂಬಾಕು ಒತ್ತುವ ಸಣ್ಣ ಸಲಕರಣೆ) ಭಾರದಷ್ಟೇ ಒತ್ತಡದಲ್ಲಿ ಮಟ್ಟ ಮಾಡಿ ಮತ್ತೆ ಹಚ್ಚಿ. ನಿಜವಾದ ಸೇದುವಿಕೆ ಈಗ ಶುರು.

ಎಳೆಯುವ ವೇಗದ ಬಗ್ಗೆ ಗಡಿಯಾರದ ಲೆಕ್ಕ ಕೊಟ್ಟು ಪ್ರಯೋಜನವಿಲ್ಲ. ಬಟ್ಟಲಿನ ಹೊರಮೈಯನ್ನು ಬೆರಳು ಆರಾಮವಾಗಿ ಹಿಡಿದುಕೊಳ್ಳುವಂತಿರಬೇಕು, ಅಷ್ಟೇ ಅಳತೆ. ಕೈ ತೆಗೆಯಬೇಕೆನಿಸಿದರೆ ಪೈಪನ್ನು ಐದು ನಿಮಿಷ ಕೆಳಗಿಡಿ. ಒಂದೂವರೆ ಗ್ರಾಂ ಮುಗಿಯಲು ಮುಕ್ಕಾಲು ಗಂಟೆ ಹಿಡಿದರೆ ವೇಗ ಸರಿಯಿದೆ. ಇಪ್ಪತ್ತು ನಿಮಿಷದಲ್ಲಿ ಮುಗಿದರೆ ನೀವು ಸಿಗರೇಟನ್ನೇ ಸೇದುತ್ತಿದ್ದೀರಿ. ನಡುವೆ ನಾಲ್ಕೈದು ಸಲ ಮತ್ತೆ ಹಚ್ಚಬೇಕಾಗಿ ಬಂದರೆ ಅದು ಸೋಲಲ್ಲ. ಆರದಂತೆ ಕಾಯಲು ಹೋಗಿ ನಾಲಿಗೆ ಸುಟ್ಟುಕೊಳ್ಳುವುದಕ್ಕಿಂತ ಇನ್ನೊಂದು ಕಡ್ಡಿ ಗೀರುವುದು ಮೇಲು.

ಫಿಲ್ಟರ್ ಹಾಕಿಲ್ಲದಾಗ ಗೊರಗೊರ ಸದ್ದು ಬಂದರೆ ಸ್ಟೆಮ್ (ಬಾಯಲ್ಲಿಡುವ ಕೊಳವೆ) ಕಳಚದೆ ಪೈಪ್ ಕ್ಲೀನರನ್ನು (ನೂಲು ಸುತ್ತಿದ ತಂತಿ) ಬಾಯಿಯ ಕಡೆಯಿಂದ ತಳದವರೆಗೆ ತೂರಿಸಿ, ಹತ್ತು ಸೆಕೆಂಡು ಬಿಟ್ಟು ತೆಗೆಯಿರಿ. ನೀರು ಅದಕ್ಕೇ ಅಂಟಿ ಬರುತ್ತದೆ. ಬಿಸಿಯಿರುವಾಗ ಸ್ಟೆಮ್ ತಿರುಗಿಸಿ ಎಳೆದರೆ ಒಳಗಿನ ಮೂತಿ ಮುರಿಯಬಹುದು, ಇಲ್ಲವೇ ಕೂಡಿಕೆ ಸಡಿಲವಾಗಬಹುದು. ಪೈಪ್ ಪೂರ್ತಿ ತಣ್ಣಗಾಗುವವರೆಗೆ ಕಳಚಬೇಡಿ. ಇನ್ನು ನಿಮ್ಮ 9 ಮಿ.ಮೀ. ಇದ್ದಿಲ ಫಿಲ್ಟರ್. ಅದು ತೇವವನ್ನೂ ಉರಿಯನ್ನೂ ಕಡಿಮೆ ಮಾಡುತ್ತದೆ, ಜೊತೆಗೆ ಸೂಕ್ಷ್ಮ ರುಚಿಗಳನ್ನೂ ನುಂಗುತ್ತದೆ. ಎಲ್ಲವೂ ಒಂದೇ ಅನಿಸಲು ಅದರದೂ ಪಾಲಿದೆ. ಆದರೆ ಅದನ್ನು ಸುಮ್ಮನೆ ತೆಗೆದುಬಿಟ್ಟರೆ ಖಾಲಿ ಜಾಗದಲ್ಲಿ ಹೊಗೆ ತಣಿದು ನೀರು ಇನ್ನಷ್ಟು ಕಟ್ಟುತ್ತದೆ. ಆ ಜಾಗ ತುಂಬುವ ಅಡಾಪ್ಟರ್ ಸಿಗುತ್ತದೆ, ರುಚಿ ನೋಡುವಾಗ ಅದನ್ನು ಹಾಕಿ. ಫಿಲ್ಟರ್ ಹಾಕಿದರೆ ಕ್ಯಾನ್ಸರ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪೈಪಿಗೆ ಹತ್ತಿದ ವಾಸನೆ

ಬ್ರೈಯರ್ ಎನ್ನುವುದು ಮೆಡಿಟರೇನಿಯನ್ ತೀರದ ಎರಿಕಾ ಆರ್ಬೊರಿಯಾ ಪೊದೆಯ ಬೇರಿನ ಗಂಟು. ಮರವೇ ಆದ್ದರಿಂದ ವಾಸನೆ ಹೀರುತ್ತದೆ. ವೆನಿಲ್ಲಾ ಸೇದಿದ ಪೈಪಿನಲ್ಲಿ ಲಟಾಕಿಯಾ, ಲಟಾಕಿಯಾ ಸೇದಿದ ಪೈಪಿನಲ್ಲಿ ವರ್ಜೀನಿಯಾ ಹಾಕಿದರೆ ಹಿಂದಿನದೇ ಬಾಯಿಗೆ ಬರುತ್ತದೆ. ರುಚಿ ನೋಡಲೆಂದು ನಾಲ್ಕು ಬ್ರೈಯರ್ ಕೊಳ್ಳುವುದು ದುಬಾರಿ. ಇದಕ್ಕೆ ಜೋಳದ ದಿಂಡಿನ ಪೈಪೇ ಸರಿ. ಅಮೆರಿಕದ ಮಿಸ್ಸೂರಿ ರಾಜ್ಯದ ವಾಷಿಂಗ್ಟನ್ ಎಂಬ ಊರಿನಲ್ಲಿ ಮಿಸ್ಸೂರಿ ಮೀರ್‌ಶಾಮ್ ಕಂಪನಿ 1869ರಿಂದ ಇವನ್ನು ಮಾಡುತ್ತಿದೆ. ಅಗ್ಗ, ಪಳಗಿಸುವ ಕೆಲಸವಿಲ್ಲ, ತೇವವನ್ನೂ ಹೀರುತ್ತದೆ. ಮೊದಲ ಕೆಲವು ಸಲ ಜೋಳದ ವಾಸನೆ ಬರುತ್ತದೆ, ಆಮೇಲೆ ಹೋಗುತ್ತದೆ. ಮೂರು ತರಿಸಿ: ಒಂದು ವರ್ಜೀನಿಯಾ ಮತ್ತು ಬರ್ಲಿಗೆ (ನೆರಳಿನಲ್ಲಿ ಒಣಗಿಸಿದ ಎಲೆ), ಒಂದು ಲಟಾಕಿಯಾಕ್ಕೆ, ಒಂದು ಪರಿಮಳದ್ದಕ್ಕೆ. ಮಣ್ಣಿನ ಪೈಪು ವಾಸನೆ ಹಿಡಿಯುವುದು ಇನ್ನೂ ಕಡಿಮೆ, ಹಾಗಾಗಿ ರುಚಿ ನೋಡಲು ಅದೇ ಅತ್ಯುತ್ತಮ. ಆದರೆ ಬಟ್ಟಲು ಮುಟ್ಟಲಾಗದಷ್ಟು ಕಾಯುತ್ತದೆ, ಬಿದ್ದರೆ ಚೂರು.

ನಿಮ್ಮ ಬ್ರೈಯರಿನ ವಾಸನೆ ತೆಗೆಯಲು ಬಟ್ಟಲಿಗೆ ಹತ್ತಿ ತುಂಬಿ, ಅದು ನೆನೆಯುವಷ್ಟು ವೋಡ್ಕಾ ಅಥವಾ ಇನ್ನೂ ಗಡುಸಾದ ಕುಡಿಯುವ ಮದ್ಯ ಹನಿಸಿ ಒಂದು ರಾತ್ರಿ ಬಿಡಿ. ಹೊರಮೈಗೆ ತಾಗಿದರೆ ಹೊಳಪು ಹೋಗುತ್ತದೆ. ಬೆಳಗ್ಗೆ ಹತ್ತಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಎರಡು ದಿನ ಒಣಗಿಸಿ ಬಳಸಿ. ಹತ್ತಿಯ ಬದಲು ಉಪ್ಪು ಹಾಕುವವರೂ ಇದ್ದಾರೆ, ಆದರೆ ಉಪ್ಪು ಮರದೊಳಗಿಳಿದು ಬಿರುಕು ಬಿಟ್ಟ ದೂರುಗಳಿವೆ. ಹತ್ತಿಯೇ ಸುರಕ್ಷಿತ. ಪಾಲಿಶ್ ಕೆಲಸದ ಸ್ಪಿರಿಟ್ ವಿಷ, ಹತ್ತಿರ ತರಬೇಡಿ. ಸ್ಟೆಮ್ ಅಕ್ರಿಲಿಕ್ ಆಗಿದ್ದರೆ ಅದಕ್ಕೆ ಮದ್ಯ ತಾಗಿಸಬೇಡಿ, ಕೂದಲೆಳೆಯಂಥ ಬಿರುಕು ಏಳುತ್ತವೆ. ಸೋಪು ನೀರು ಸಾಕು. ಒಳಗೋಡೆಯಲ್ಲಿ ಕಟ್ಟುವ ಇದ್ದಿಲ ಪದರ 1ರಿಂದ 1.5 ಮಿ.ಮೀ. ಇರಲಿ, ಅದು ಮರವನ್ನು ಬೆಂಕಿಯಿಂದ ಕಾಯುತ್ತದೆ. ಅದಕ್ಕಿಂತ ದಪ್ಪವಾದರೆ ಕಾದು ಹಿಗ್ಗಿ ಬಟ್ಟಲನ್ನೇ ಸೀಳಬಹುದು. ಒಮ್ಮೆ ಸೇದಿದ ಬ್ರೈಯರಿಗೆ ಒಂದು ದಿನವಾದರೂ ವಿಶ್ರಾಂತಿ ಬೇಕು.

ಎಲೆಯ ಗುರುತು

ಪೈಪ್ ತಂಬಾಕಿನ ಡಬ್ಬಿಗಳು ನೂರಾರು, ಒಳಗಿರುವ ಎಲೆಗಳು ಬೆರಳೆಣಿಕೆ. ವ್ಯತ್ಯಾಸ ಹುಟ್ಟುವುದು ಬಹುಪಾಲು ಹದಗೊಳಿಸುವ ರೀತಿಯಲ್ಲಿ.

ವರ್ಜೀನಿಯಾ ಎಂದು ಡಬ್ಬಿಯ ಮೇಲೆ ಬರೆದದ್ದು ನಿಮಗೆ ದೂರದ್ದಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಬ್ಯಾರನ್‌ಗಳಲ್ಲಿ (ತಂಬಾಕು ಹದಗೊಳಿಸುವ ಮನೆ) ಬೇಯುವುದೂ ಇದೇ ಜಾತಿಯ ಎಲೆ, ಇದೇ ಕ್ರಮ. ಹೊರಗೆ ಬೆಂಕಿ, ಒಳಗೆ ಕೊಳವೆಗಳ ಮೂಲಕ ಬಿಸಿ. ಹೊಗೆ ಎಲೆಗೆ ತಾಗುವುದಿಲ್ಲ. ಮೊದಲು ಸುಮಾರು 35 ಡಿಗ್ರಿಯಲ್ಲಿ ಎಲೆ ಹಳದಿಗೆ ತಿರುಗುತ್ತದೆ, ಆಮೇಲೆ ಶಾಖ ಏರಿಸುತ್ತ ಹೋಗಿ ಕೊನೆಗೆ 70 ಡಿಗ್ರಿಯ ಆಸುಪಾಸಿನಲ್ಲಿ ನಡುದಿಂಡು ಒಣಗುತ್ತದೆ. ಐದಾರು ದಿನದ ಕೆಲಸ. ಎಲೆ ಬೇಗ ಸಾಯುವುದರಿಂದ ಅದರ ಸಕ್ಕರೆ ಒಳಗೇ ಉಳಿಯುತ್ತದೆ. ವರ್ಜೀನಿಯಾದ ಸಿಹಿ ಇದೇ. ನಾಲಿಗೆ ಕಚ್ಚುವುದೂ ಇದೇ, ಏಕೆಂದರೆ ಸಕ್ಕರೆ ಹೆಚ್ಚಿರುವ ಎಲೆ ಬಿಸಿಯಾಗಿ ಉರಿಯುತ್ತದೆ. ಹುಣಸೂರಿನ ಎಲೆ ಹೆಚ್ಚಾಗಿ ಸಿಗರೇಟಿಗೂ ರಫ್ತಿಗೂ ಹೋಗುತ್ತದೆ. ಪೈಪಿಗೆ ಬಳಸುವ ವರ್ಜೀನಿಯಾದಲ್ಲಿ ತಿಳಿಹಳದಿಯದು ಒಣಹುಲ್ಲು, ನಿಂಬೆಸಿಪ್ಪೆಯ ಕಡೆಗೆ ವಾಲುತ್ತದೆ. ಕೆಂಪಿನದು ಸುಟ್ಟ ಬ್ರೆಡ್ಡು, ಒಣದ್ರಾಕ್ಷಿಯ ಕಡೆಗೆ. ಒತ್ತಿ ಮುಚ್ಚಿಟ್ಟ ಡಬ್ಬಿಯಲ್ಲಿ ಐದು ವರ್ಷ ಕಳೆದರೆ ಚೂಪು ಹೋಗಿ ದುಂಡಗಾಗುತ್ತದೆ.

ಬರ್ಲಿಯನ್ನು ಬೆಂಕಿಯಿಲ್ಲದೆ ನೆರಳಿನಲ್ಲಿ ವಾರಗಟ್ಟಲೆ ನೇತುಹಾಕುತ್ತಾರೆ. ಎಲೆ ನಿಧಾನವಾಗಿ ಸಾಯುತ್ತ ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸುತ್ತದೆ. ಉಳಿಯುವುದು ಕಡಲೆಕಾಯಿ, ಕೋಕೋ ಹೋಲುವ ಒಣ ರುಚಿ. ನಿಕೋಟಿನ್ ಹೆಚ್ಚು. ಇದರ ಹೊಗೆ ಕ್ಷಾರದ ಕಡೆಗೆ ವಾಲುವುದರಿಂದ ಬಾಯಿಯ ಒಳಚರ್ಮವೇ ನಿಕೋಟಿನ್ ಹೀರಿಕೊಳ್ಳುತ್ತದೆ. ಹೊಗೆ ಒಳಗೆಳೆಯದೆಯೂ ತಲೆ ತಿರುಗುವುದು ಅದಕ್ಕೇ. ಅಮೆರಿಕದ ಪ್ರಿನ್ಸ್ ಆಲ್ಬರ್ಟ್, ಕಾರ್ಟರ್ ಹಾಲ್ ಬರ್ಲಿಯನ್ನು ನೆಚ್ಚಿಕೊಂಡ ಹಳೆಯ ಹೆಸರುಗಳು. ಸಪ್ಪೆ ಎಂದು ಹೊಸಬರು ತಳ್ಳಿಬಿಡುತ್ತಾರೆ. ಅದು ಅನ್ಯಾಯ, ಹೊಸ ಕೈಯ ತಪ್ಪುಗಳನ್ನು ಇದರಷ್ಟು ಸಹಿಸುವ ಎಲೆ ಇನ್ನೊಂದಿಲ್ಲ.

ಟರ್ಕಿ, ಗ್ರೀಸ್ ಕಡೆಯ ಓರಿಯೆಂಟಲ್ ಎಲೆ ಸಣ್ಣದು, ಬಿಸಿಲಿನಲ್ಲಿ ಒಣಗಿಸಿದ್ದು. ಇಜ್ಮಿರ್, ಬಸ್ಮಾ, ಸಂಸೂನ್ ಎಂಬ ಹೆಸರುಗಳಲ್ಲಿ ಬರುತ್ತದೆ. ಸ್ವಲ್ಪ ಹುಳಿ, ಸ್ವಲ್ಪ ಒಣಮೂಲಿಕೆ, ನಿಕೋಟಿನ್ ಕಡಿಮೆ. ಇದೇ ಜಾತಿಯ ಎಲೆಯನ್ನು ಪೈನ್, ಓಕ್, ಮರ್ಟಲ್, ಮ್ಯಾಸ್ಟಿಕ್ ಪೊದೆಗಳ ಹೊಗೆಯಲ್ಲಿ ತಿಂಗಳುಗಟ್ಟಲೆ ಕಪ್ಪಾಗುವವರೆಗೆ ಹಿಡಿದರೆ ಲಟಾಕಿಯಾ. ಹೆಸರು ಸಿರಿಯಾದ ಬಂದರಿನದು, ಈಗ ಡಬ್ಬಿಗಳಲ್ಲಿ ಸಿಗುವುದು ಬಹುತೇಕ ಸೈಪ್ರಸ್ ಬಗೆ. ವಾಸನೆ ಭಾರೀ ಘಾಟು, ಚರ್ಮ ಮತ್ತು ಕಾಡುಬೆಂಕಿಯ ನೆನಪು. ಆದರೆ ಬಾಯಲ್ಲಿ ತಂಪು, ನಿಕೋಟಿನ್ನೂ ಹೆಚ್ಚಿಲ್ಲ. ಮೂಗಿಗೆ ಗಡುಸಾದದ್ದೆಲ್ಲ ಗಡುಸು ತಂಬಾಕಲ್ಲ ಎಂಬುದಕ್ಕೆ ಇದೇ ಸಾಕ್ಷಿ. ‘ಇಂಗ್ಲಿಷ್ ಮಿಶ್ರಣ’ ಎಂದರೆ ವರ್ಜೀನಿಯಾ, ಓರಿಯೆಂಟಲ್, ಲಟಾಕಿಯಾ ಕೂಡಿದ್ದು.

ಪೆರಿಕ್ ಒಂದು ವಿಚಿತ್ರ. ಅಮೆರಿಕದ ಲೂಸಿಯಾನ ರಾಜ್ಯದ ಸೇಂಟ್ ಜೇಮ್ಸ್ ಪ್ಯಾರಿಷ್ ಎಂಬ ಸಣ್ಣ ಸೀಮೆಯ ಎಲೆಯನ್ನು ದಿಂಡು ತೆಗೆದು ಹುರಿ ಮಾಡಿ, ವಿಸ್ಕಿ ಪೀಪಾಯಿಗಳಲ್ಲಿ ಜಾಕ್ ಹಾಕಿ ಒತ್ತುತ್ತಾರೆ. ತನ್ನದೇ ರಸದಲ್ಲಿ ಒಂದು ವರ್ಷದ ಹತ್ತಿರ ಹುದುಗುತ್ತದೆ, ನಡುನಡುವೆ ಬಿಚ್ಚಿ ಗಾಳಿಯಾಡಿಸಿ ಮತ್ತೆ ಒತ್ತುತ್ತಾರೆ. ಕರಿಮೆಣಸು, ಅಂಜೂರ, ಸ್ವಲ್ಪ ಹುಳಿ. ಒಂಟಿಯಾಗಿ ಸೇದುವಂಥದ್ದಲ್ಲ, ವರ್ಜೀನಿಯಾದ ಜೊತೆ ಅಲ್ಪ ಪ್ರಮಾಣದಲ್ಲಿ ಬೆರೆಯುತ್ತದೆ. ಬಿಲ್ಲೆಯಾಕಾರದ ಎಸ್ಕುಡೊ ಇದರ ಪ್ರಸಿದ್ಧ ಮಾದರಿ. ಇನ್ನು ಕೆಂಟಕಿ ಎಂದರೆ ಗಟ್ಟಿಮರದ ಹೊಗೆಯಲ್ಲಿ ಹದಗೊಳಿಸಿದ ಕಡುಗಂದು ಎಲೆ. ಇದು ನಿಜಕ್ಕೂ ಗಡುಸು. ಕ್ಯಾವೆಂಡಿಷ್ ಎಲೆಯ ಹೆಸರಲ್ಲ, ಹಬೆ ಕೊಟ್ಟು ಒತ್ತಿ ಸಿಹಿ ಬೆರೆಸುವ ವಿಧಾನ. ನಿಮ್ಮ ವೆನಿಲ್ಲಾ ಆ ಗುಂಪಿನದು. ಅದರ ಪರಿಮಳ ಪಕ್ಕದಲ್ಲಿ ಕೂತವರಿಗೆ ಸಿಗುವಷ್ಟು ಸೇದುವವರಿಗೆ ಸಿಗುವುದಿಲ್ಲ. ಡಬ್ಬಿಯ ಪರಿಮಳ ಬಾಯಿಗೆ ಬರಲಿಲ್ಲವೆಂಬ ನಿಮ್ಮ ಬೇಸರಕ್ಕೆ ಆ ಪೌಚಿನ ಮಟ್ಟಿಗೆ ಔಷಧವಿಲ್ಲ.

ಇವುಗಳಿಗೆ ಬದಲಾಗಿ ನಿಪ್ಪಾಣಿಯ ಬೀಡಿ ತಂಬಾಕು, ಕಡ್ಡಿಪುಡಿ, ಸಿಗರೇಟು ಬಿಡಿಸಿದ ಎಳೆ ತುಂಬಿ ನೋಡುವ ಆಸೆ ಬೇಡ. ಮೊದಲೆರಡು ಪೈಪಿನ ಪ್ರಮಾಣಕ್ಕೆ ಮಿತಿಮೀರಿದ ಗಡುಸು, ಮೂರನೆಯದು ಎಳೆ ಸಣ್ಣದಾದ್ದರಿಂದ ಕಾಗದದಂತೆ ಭಗ್ಗೆಂದು ಉರಿಯುತ್ತದೆ.

ರುಚಿ ನೋಡುವ ಕ್ರಮ

ಹೋಲಿಸಬೇಕಾದರೆ ತಂಬಾಕೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ ಆಗಿರಬೇಕು. ಒಂದೇ ಅಳತೆಯ ಪೈಪ್, ತೂಗಿದ 1.5 ಗ್ರಾಂ, ಒಂದೇ ಹದ, ದಿನದ ಒಂದೇ ಹೊತ್ತು. ಊಟವಾಗಿ ಒಂದು ಗಂಟೆ ಕಳೆದಿರಲಿ. ಸಾರು–ಉಪ್ಪಿನಕಾಯಿ ಉಂಡ ನಾಲಿಗೆಗೆ ತಕ್ಷಣ ಏನೂ ತಿಳಿಯದು, ಬರಿಹೊಟ್ಟೆಯಲ್ಲಿ ಸೇದಿದರೆ ನಿಕೋಟಿನ್ ಏರುತ್ತದೆ. ಪಕ್ಕದಲ್ಲಿ ನೀರು ಅಥವಾ ಸಕ್ಕರೆ ಹಾಕದ ಕಪ್ಪು ಚಹಾ ಇರಲಿ. ಹಾಲಿನ ಕಾಫಿ ನಾಲಿಗೆಗೆ ಪದರ ಕಟ್ಟುತ್ತದೆ. ದಿನಕ್ಕೆ ಒಂದೇ ತಂಬಾಕು, ಒಂದೇ ಸಲ. ನಾಲಿಗೆ ಉರಿಯುತ್ತಿದ್ದರೆ ಎರಡು ಮೂರು ದಿನ ಬಿಡಿ.

ರುಚಿಯ ಹೆಚ್ಚಿನ ಪಾಲು ನಾಲಿಗೆಯದಲ್ಲ, ಮೂಗಿನದು. ಹೊಗೆಯನ್ನು ಬಾಯಲ್ಲೇ ಹಿಡಿದು, ಬಾಯಿ ಮುಚ್ಚಿ, ಅದರಲ್ಲಿ ಸ್ವಲ್ಪವನ್ನು ಮೂಗಿನಿಂದ ಮೆಲ್ಲಗೆ ಹೊರಬಿಡಿ. ಎದೆಗೆ ಎಳೆದು ಬಿಡುವುದಲ್ಲ. ಅಂಗುಳಿನ ಹಿಂದಿನಿಂದ ಮೂಗಿಗೆ ತಳ್ಳುವುದು. ಮೊದಮೊದಲು ಚುರುಗುಟ್ಟುತ್ತದೆ, ಹಾಗಾಗಿ ಬಟ್ಟಲಿಗೆ ಮೂರು ನಾಲ್ಕು ಸಲ ಸಾಕು. ಪೆರಿಕ್ ಇದ್ದಾಗ ಇನ್ನೂ ಕಡಿಮೆ.

ಬಟ್ಟಲನ್ನು ಮೂರು ಪಾಲಾಗಿ ಗಮನಿಸಿ. ಮೊದಲ ಪಾಲಿನಲ್ಲಿ ಮೇಲುಪರಿಮಳ ಕಾಣುತ್ತದೆ, ನಡುವಿನಲ್ಲಿ ಎಲೆಯ ನಿಜಗುಣ, ಕೊನೆಯಲ್ಲಿ ರಸವೆಲ್ಲ ಕೆಳಗಿಳಿದು ಒಗರು, ಘಾಟು, ನಿಕೋಟಿನ್ ಹೆಚ್ಚುತ್ತವೆ. ತೀರ್ಪು ಕೊಡುವುದಾದರೆ ನಡುವಿನ ಪಾಲಿಗೆ ಕೊಡಿ. ಕೊನೆಯ ಕಾಲುಭಾಗ ಕಹಿಯಾದರೆ ಸುರಿದುಬಿಡಿ, ಪೂರ್ತಿ ಮುಗಿಸಬೇಕೆಂಬ ನಿಯಮವಿಲ್ಲ. ಬರೆದಿಡುವಾಗ ‘ಚೆನ್ನಾಗಿದೆ’ ಎಂಬ ಮಾತಿನಿಂದ ಉಪಯೋಗವಿಲ್ಲ. ಎಷ್ಟು ಹೊತ್ತು ಒಣಗಿಸಿದ್ದು, ಎಷ್ಟು ಸಲ ಮತ್ತೆ ಹಚ್ಚಿದ್ದು, ಸಿಹಿಯೋ ಹುಳಿಯೋ ಒಗರೋ, ತಲೆ ಹಗುರವಾಯಿತೋ ಎಂದು ಬರೆಯಿರಿ. ಡಬ್ಬಿಯ ಮೇಲಿನ ವರ್ಣನೆಯನ್ನು ಸೇದಿ ಮುಗಿಯುವವರೆಗೆ ಓದಬೇಡಿ, ಓದಿದರೆ ಅಲ್ಲಿ ಬರೆದದ್ದೇ ಬಾಯಿಗೆ ಬರುತ್ತದೆ. ಒಂದೊಂದಕ್ಕೂ ಮೂರು ಸಲ ಅವಕಾಶ ಕೊಡದೆ ತಳ್ಳಿಹಾಕಬೇಡಿ, ಮೊದಲನೆಯದರಲ್ಲಿ ಹದವೇ ತಪ್ಪಿರುತ್ತದೆ.

ಸೇದುವಾಗ ಬಿಕ್ಕಳಿಕೆ, ಬಾಯಲ್ಲಿ ನೀರೂರುವುದು, ತಣ್ಣನೆ ಬೆವರು, ಹೊಟ್ಟೆ ತೊಳಸುವುದು ಶುರುವಾದರೆ ನಿಕೋಟಿನ್ ಹೆಚ್ಚಾಗಿದೆ ಎಂದರ್ಥ. ತಕ್ಷಣ ನಿಲ್ಲಿಸಿ ಗಾಳಿಯಾಡುವ ಕಡೆ ಕೂತು ನೀರು ಕುಡಿಯಿರಿ. ವಾಂತಿ ನಿಲ್ಲದಿದ್ದರೆ, ಎದೆ ಡವಗುಟ್ಟುವುದು ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ.

ಅಣ್ಣನ ಚೀಲಕ್ಕೆ

ವಿದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದದ್ದು 125 ಗ್ರಾಂ ತಂಬಾಕು. ಸಿಗರೇಟಾದರೆ 100, ಸಿಗಾರ್ ಆದರೆ 25. ಮೂರರಲ್ಲಿ ಒಂದು ಮಾತ್ರ. ಡಬ್ಬಿಗಳು ಸಾಮಾನ್ಯವಾಗಿ 50 ಗ್ರಾಂನವು, ಎರಡು ತಂದರೆ ಮುಗಿಯಿತು. ಅದರ ಬದಲು ತೂಕದ ಮೇಲೆ ಬಿಡಿ ತಂಬಾಕು ಮಾರುವ ಹಳೆಯ ತಂಬಾಕು ಅಂಗಡಿಗೆ ಹೋಗಿ 25 ಗ್ರಾಂನಂತೆ ಐದು ಬಗೆ ಕಟ್ಟಿಸಲಿ. 1.5 ಗ್ರಾಂ ಲೆಕ್ಕದಲ್ಲಿ ಒಂದೊಂದೂ 16 ಸಲಕ್ಕೆ ಬರುತ್ತದೆ, ತಿಳಿಯಲು ಬೇಕಾದ್ದಕ್ಕಿಂತ ಹೆಚ್ಚೇ.

ವರ್ಜೀನಿಯಾ ನಿಮ್ಮಲ್ಲಿದೆ, ಪರಿಮಳದ್ದೂ ಇದೆ. ಆದ್ದರಿಂದ ಸಿಹಿ ಬೆರೆಸದ ಬರ್ಲಿ, ಓರಿಯೆಂಟಲ್ ಮುಂದಾಗಿರುವ ಮಿಶ್ರಣ, ವರ್ಜೀನಿಯಾ–ಪೆರಿಕ್, ಮಿತವಾದ ಲಟಾಕಿಯಾ ಇರುವ ಇಂಗ್ಲಿಷ್ ಮಿಶ್ರಣ, ಸ್ವಲ್ಪ ಕೆಂಟಕಿ ಇರುವುದೊಂದು ಬರಲಿ. ಸೇದುವುದನ್ನೂ ಇದೇ ಕ್ರಮದಲ್ಲಿ ಇಟ್ಟುಕೊಳ್ಳಿ, ಕೆಂಟಕಿ ಕೊನೆಗೆ. ಹೆಸರೇ ಬೇಕೆಂದರೆ ಇಂಗ್ಲಿಷ್ ಮಿಶ್ರಣದಲ್ಲಿ ಸ್ಕ್ವಾಡ್ರನ್ ಲೀಡರ್ ಒಳ್ಳೆಯ ಆರಂಭ. ಹಿಂದೆ ಡನ್‌ಹಿಲ್ ಹೆಸರಿನಲ್ಲಿದ್ದು ಈಗ ಪೀಟರ್ಸನ್ ಹೆಸರಿನಲ್ಲಿ ಬರುವ ಅರ್ಲಿ ಮಾರ್ನಿಂಗ್ ಪೈಪ್ ಕೂಡ ಆಗಬಹುದು. ಅದೇ ಸಾಲಿನ ನೈಟ್‌ಕ್ಯಾಪ್, ಗಾವಿತ್‌ನವರ 1792 ಫ್ಲೇಕ್ ಸದ್ಯಕ್ಕೆ ಬೇಡ, ಎರಡೂ ಗಡುಸು. ಇಂಗ್ಲೆಂಡಿನ ಲೇಕ್‌ಲ್ಯಾಂಡ್ ಸೀಮೆಯ ಹೂವಿನ ವಾಸನೆಯ ತಂಬಾಕುಗಳನ್ನೂ ಬಿಡಿ. ಸೋಪಿನಂಥ ಆ ವಾಸನೆ ಪೈಪಿಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ.

ಬಂದ ದಿನವೇ ಪ್ರತಿಯೊಂದನ್ನೂ ರಬ್ಬರ್ ಸುತ್ತು ಇರುವ ಸಣ್ಣ ಗಾಜಿನ ಜಾಡಿಗೆ ಹಾಕಿ, ಹೆಸರು–ತಾರೀಖು ಬರೆದು ಕತ್ತಲೆಯ ಕಪಾಟಿನಲ್ಲಿಡಿ. ಫ್ರಿಜ್ ಬೇಡ. ಪರಿಮಳದ್ದನ್ನು ಉಳಿದವುಗಳಿಂದ ದೂರ ಇಡಿ. ಅತಿಯಾಗಿ ಒಣಗಿದರೆ ಸೇಬು, ಆಲೂಗಡ್ಡೆ ಹೋಳು ಹಾಕುವ ಹಳೆಯ ಉಪಾಯ ಮಾಡಬೇಡಿ, ಬೂಷ್ಟು ಬರುವುದು ಅಲ್ಲಿಂದಲೇ. ಅಗಲ ಬಟ್ಟಲಿನಲ್ಲಿ ಹರಡಿ, ತಂಬಾಕಿಗೆ ತಾಗದಂತೆ ಮೇಲೆ ಒದ್ದೆ ಬಟ್ಟೆ ಬಿಗಿದು ಗಂಟೆಗೊಮ್ಮೆ ನೋಡಿ. ಹಳೆಯ ವರ್ಜೀನಿಯಾ ಫ್ಲೇಕ್ ಮೇಲೆ ಮಿನುಗುವ ಬಿಳಿ ಹರಳು ಕಂಡರೆ ಹೆದರಬೇಡಿ, ಅದು ಬೂಷ್ಟಲ್ಲ. ಬಿಳಿಯದು ನೂಲಿನಂತೆ, ಹತ್ತಿಯಂತೆ ಎದ್ದಿದ್ದು ಮುಗ್ಗಲು ವಾಸನೆ ಬಂದರೆ ಬೂಷ್ಟು. ಕಂಡ ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಸೇದಬೇಡಿ, ಪೂರ್ತಿ ಎಸೆದು ಜಾಡಿಯನ್ನು ಕುದಿನೀರಿನಲ್ಲಿ ತೊಳೆಯಿರಿ.